ಬಣ್ಣ ಕೊನೆಗೆ, ನೀರು ಮೊದಲು

ಹಳೆಯ ಕ್ಯಾರವಾನ್ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಒಳಗಿನ ಮಂಚ, ಮಡಚುವ ಮೇಜು, ಪುಟ್ಟ ಒಲೆಕಟ್ಟೆಯ ಮೇಲೆ. ನೋಡಬೇಕಾದದ್ದು ಮೂಲೆಗಳನ್ನು. ಟಾಪು ಗೋಡೆಗೆ ಕೂಡುವ ಅಂಚು, ಕಿಟಕಿಯ ಕೆಳಪಟ್ಟಿ, ಬಾಗಿಲಿನ ಬುಡ, ಚಕ್ರದ ಮಡ್‌ಗಾರ್ಡ್ ಒಳಕ್ಕೆ ಬಂದು ಸೇರುವ ಜಾಗ. ಅಲ್ಲೆಲ್ಲ ಸ್ಕ್ರೂಡ್ರೈವರ್ ತುದಿಯನ್ನು ಒಂದಿಷ್ಟು ಒತ್ತಿ ನೋಡಿ. ಮರ ಗಟ್ಟಿಯಿದ್ದರೆ ತುದಿ ಅಲ್ಲೇ ನಿಲ್ಲುತ್ತದೆ. ಕೊಳೆತಿದ್ದರೆ ಸಲೀಸಾಗಿ ಒಳಗಿಳಿಯುತ್ತದೆ, ಹೊರಗೆಳೆದಾಗ ಕಂದು ಹುಡಿ ಅಂಟಿಕೊಂಡು ಬರುತ್ತದೆ. ಆ ಗಾಡಿಗೆ ಎಷ್ಟು ಕೊಡಬಹುದು ಎಂಬುದು ತಿಳಿಯುವುದು ಆಗಲೇ.

ಕೊರೊನಾ ಕಾಲದಲ್ಲಿ ಹೋಟೆಲು, ಬಸ್ಸುಗಳಿಂದ ದೂರವಿರಬೇಕಾಗಿ ಬಂದ ಮೇಲೆ ಗಾಲಿಯ ಮೇಲೊಂದು ಮನೆ ಇರಲಿ ಎಂಬ ಆಸೆ ನಮ್ಮಲ್ಲಿ ಜೋರಾಗಿದೆ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೂ ಜಾಗ ಸಿಕ್ಕಿತು. ಪಕ್ಕದ ಕೇರಳ 2021ರಲ್ಲಿ ಅದಕ್ಕೆಂದೇ ಯೋಜನೆ ತಂದಿತು. ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಸೀಟು ಕಿತ್ತು ಹಾಸಿಗೆ ಜೋಡಿಸಿದ ಟೆಂಪೊ ಟ್ರಾವೆಲರ್‌ಗಳು ಈಗ ಕಣ್ಣಿಗೆ ಬೀಳುತ್ತವೆ. ಹಳೆಯ ಮೆಟಡೋರ್ ವ್ಯಾನ್ ಸಿಕ್ಕಿದರೆ ಹೇಳಿ ಎಂದು ಕೇಳುವವರೂ ಇದ್ದಾರೆ.

ಕಾರಿನ ಹಿಂದೆ ಎಳೆದೊಯ್ಯುವ ಟ್ರೈಲರ್ ಮನೆ ಮಾತ್ರ ನಮ್ಮಲ್ಲಿ ಅಪರೂಪ. ದಶಕಗಳ ಕಾಲ ನಮಗಿದ್ದದ್ದು ಅಂಬಾಸಿಡರ್ ಮತ್ತು ಫಿಯಟ್. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಾಟಿ ಹತ್ತುವುದರಲ್ಲೇ ಅವುಗಳ ಶಕ್ತಿ ಮುಗಿಯುತ್ತಿತ್ತು. ಹೋದಲ್ಲಿ ಉಳಿಯಲು ನೆಂಟರ ಮನೆ, ಛತ್ರ, ಪ್ರವಾಸಿ ಮಂದಿರ ಇದ್ದವು. ಮನೆಯನ್ನೇ ಎಳೆದುಕೊಂಡು ಹೋಗುವ ಅಗತ್ಯವೂ ಇರಲಿಲ್ಲ. ಹಾಗಾಗಿ ಚಲಿಸುವ ಮನೆ ನಮಗೆ ಪರಿಚಯವಾದದ್ದು ಬೇರೆ ರೂಪಗಳಲ್ಲಿ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿ ಸಲೂನ್ ಇದೆ. ಅಡುಗೆ, ಊಟ, ಶೌಚ ಎಲ್ಲಕ್ಕೂ ವ್ಯವಸ್ಥೆ ಇದ್ದ ರೈಲು ಬೋಗಿ ಅದು. ಇಂಗ್ಲೆಂಡಿನಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ ಲೇಖಕ ವಿಹಾರಕ್ಕೆಂದೇ ಕುದುರೆ ಎಳೆಯುವ ‘ವಾಂಡರರ್’ ಗಾಡಿಯನ್ನು ಮಾಡಿಸಿಕೊಂಡದ್ದು 1885ರಲ್ಲಿ. ಮಹಾರಾಣಿಯ ಬೋಗಿ ಅದಕ್ಕಿಂತ ಹದಿನಾಲ್ಕೇ ವರ್ಷ ಚಿಕ್ಕದು.

ಇನ್ನೊಂದು ನಂಟು ಬೆಂಗಳೂರಿನವರಿಗೆ ಹತ್ತಿರದ್ದು. ಅಮೆರಿಕದಲ್ಲಿ ಹಾಲಿ ಬೌಲಸ್ ಎಂಬಾತ 1934ರಲ್ಲಿ ಅಲ್ಯೂಮಿನಿಯಂ ಹಾಳೆಗಳನ್ನು ರಿವಿಟ್ ಹೊಡೆದು ಕೂಡಿಸಿದ ಟ್ರೈಲರ್ ಮನೆ ಮಾಡಿದ. ಅವನು ಗ್ಲೈಡರ್ ಕಟ್ಟುವವನು. ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನ ತಯಾರಾದಾಗ ಆ ಕೆಲಸದ ಮೇಲುಸ್ತುವಾರಿ ಅವನದ್ದಾಗಿತ್ತು. ಅದೇ ದಾರಿ ಹಿಡಿದು ವಾಲಿ ಬಯಂನ ಏರ್‌ಸ್ಟ್ರೀಮ್ ಕಂಪನಿ 1936ರಲ್ಲಿ ‘ಕ್ಲಿಪ್ಪರ್’ ತಂದಿತು. ಇಂದಿಗೂ ಹಳೆಯ ಟ್ರೈಲರ್ ಎಂದರೆ ಜಗತ್ತು ನೆನೆಯುವುದು ಆ ಬೆಳ್ಳಿಬಣ್ಣದ ಮೈಯನ್ನೇ. ನಮ್ಮಲ್ಲಿ 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ ಎಚ್‌ಎಎಲ್, ಎರಡನೇ ಮಹಾಯುದ್ಧ ಮುಗಿದು ವಿಮಾನದ ಕೆಲಸ ಕಡಿಮೆಯಾದಾಗ ಬಸ್ಸಿನ ಬಾಡಿಗಳನ್ನೂ ರೈಲು ಬೋಗಿಗಳನ್ನೂ ಮಾಡಿತು. ರೈಲು ಬೋಗಿಯ ಕೆಲಸ ಮುಂದೆ, 1964ರಲ್ಲಿ ಹುಟ್ಟಿದ ಬೆಮೆಲ್‌ ಪಾಲಾಯಿತು. ವಿಮಾನದ ಕೈಕೆಲಸ ನೆಲದ ಮೇಲಿನ ಗಾಡಿಗೆ ಇಳಿದು ಬಂದದ್ದು ಅಮೆರಿಕದಲ್ಲಷ್ಟೇ ಅಲ್ಲ, ನಮ್ಮ ಊರಲ್ಲೂ.

ರೂಪ ಯಾವುದೇ ಇರಲಿ, ರೋಗ ಒಂದೇ. ಇಂಥ ಗಾಡಿಗಳು ಸಾಮಾನ್ಯವಾಗಿ ಹಳತಾಗಿ ಸಾಯುವುದಿಲ್ಲ, ನೆನೆದು ಸಾಯುತ್ತವೆ. ಹೊರಗೆ ತಗಡು, ಒಳಗೆ ಮರದ ಅಥವಾ ಕಬ್ಬಿಣದ ಚೌಕಟ್ಟು, ನಡುವೆ ಟೊಳ್ಳು. ರಸ್ತೆಯ ಕುಲುಕಾಟಕ್ಕೆ ರಿವಿಟ್‌ಗಳ ತೂತು ಕೂದಲೆಳೆಯಷ್ಟು ಅಗಲವಾಗುತ್ತದೆ. ಕಿಟಕಿಯ ರಬ್ಬರ್ ಬೀಡಿಂಗ್ ಬಿಸಿಲಿಗೆ ಬಿರುಕು ಬಿಡುತ್ತದೆ. ಅಷ್ಟು ಸಂದು ಸಿಕ್ಕಿದರೆ ಸಾಕು, ನೀರು ತಾನಾಗಿ ಒಳಗೆ ನುಗ್ಗುತ್ತದೆ. ಹೊಕ್ಕ ನೀರು ಹೊರಗೆ ಹೋಗಲು ದಾರಿಯಿಲ್ಲ. ಮರಕ್ಕೆ ಬೂಸ್ಟು ಹಿಡಿಯುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಊದಿಕೊಂಡು ಪಕ್ಕದ ತಗಡನ್ನೇ ಎಬ್ಬಿಸುತ್ತದೆ. ಬೆಂಗಳೂರಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಅಕ್ಟೋಬರಿನ ಸಂಜೆಗಳಲ್ಲಿ ಒಮ್ಮೆಲೇ ಸುರಿಯುವಂಥದ್ದು. ಸೈಟಿನಲ್ಲಿ ಟಾರ್ಪಾಲಿನ್ ಹೊದಿಸಿ ನಿಲ್ಲಿಸಿದ ಗಾಡಿಗೆ ಓಡುವ ಗಾಡಿಗಿಂತ ಹೆಚ್ಚು ಅಪಾಯ. ಟಾರ್ಪಾಲಿನ್ ಮಳೆಯನ್ನು ತಡೆದರೂ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ.

ಸೋರಿಕೆ ಹುಡುಕುವುದು ತಾಳ್ಮೆಯ ಕೆಲಸ. ನೀರು ತೊಟ್ಟಿಕ್ಕುವ ಜಾಗವೇ ಹೊಕ್ಕ ಜಾಗವಲ್ಲ. ಮುಂದಿನ ಮೂಲೆಯಲ್ಲಿ ಹೊಕ್ಕಿದ್ದು ಚೌಕಟ್ಟಿನ ಪಟ್ಟಿಯ ಮೇಲೆ ಹರಿದು ನಡುವಿನ ದೀಪದ ತೂತಿನಲ್ಲಿ ಇಳಿಯಬಹುದು. ಅದಕ್ಕೆ ಒಳಗೊಬ್ಬರು ಟಾರ್ಚ್ ಹಿಡಿದು ಕೂತು, ಹೊರಗಿನವರು ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸುತ್ತ ಬರಬೇಕು. ಮೊದಲು ಕೆಳಗಿನ ಸಂದು, ಹತ್ತು ನಿಮಿಷ ಬಿಟ್ಟು ಕಿಟಕಿಯ ಸಾಲು, ಆಮೇಲೆ ಟಾಪು. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ತಪ್ಪಿತಸ್ಥ ಸಂದು ಯಾವುದೆಂದು ಗೊತ್ತಾಗುವುದೇ ಇಲ್ಲ. ಇನ್ನೂ ಒಳ್ಳೆಯ ಉಪಾಯವಿದೆ. ಬಾಗಿಲು ಕಿಟಕಿಗಳನ್ನು ಟೇಪಿನಿಂದ ಮುಚ್ಚಿ, ಒಂದು ತೂತಿನಿಂದ ಬ್ಲೋವರ್ ಹಚ್ಚಿ ಒಳಗೆ ಗಾಳಿ ತುಂಬಿಸಿ, ಹೊರಗೆಲ್ಲ ಸೋಪಿನ ನೀರು ಬಳಿಯಿರಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸೀಸದಕಡ್ಡಿಯಲ್ಲಿ ಗುರುತು ಹಾಕುತ್ತ ಹೋಗಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ನೋಡುವ ಲೆಕ್ಕವೇ ಇದು, ಅಳತೆ ದೊಡ್ಡದು ಅಷ್ಟೆ.

ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಹಳೆಯ ಮೆಟಡೋರ್ ಒಂದರ ಪರೀಕ್ಷೆಯನ್ನು ಹತ್ತಿರದಿಂದ ನೋಡಿದ್ದೇನೆ. ಟಿಂಕರಿಂಗ್ ಮೇಸ್ತ್ರಿಗೆ ಅರವತ್ತು ದಾಟಿತ್ತು. ಗಾಡಿಯ ಮಾಲೀಕರು ಹೊಸ ಬಣ್ಣ ತೋರಿಸಿ ಸಂತೋಷದಲ್ಲಿದ್ದರು. ಮೇಸ್ತ್ರಿ ಅಂಗಿಯ ಜೇಬಿನಿಂದ ಹಳೆಯ ಸ್ಪೀಕರಿನ ಆಯಸ್ಕಾಂತ ತೆಗೆದು ಬಾಗಿಲಿನ ಮೇಲೆ ಇಟ್ಟರು, ಟಕ್ ಎಂದು ಕಚ್ಚಿಕೊಂಡಿತು. ಒಂದು ಗೇಣು ಕೆಳಗೆ ತಂದರು, ಹಿಡಿತ ಸಡಿಲವಾಯಿತು. ಬುಡಕ್ಕೆ ಬರುವಾಗ ಆಯಸ್ಕಾಂತ ಜಾರಿ ಕೈಗೇ ಬಿತ್ತು.

“ನೋಡಿ ಸಾರ್, ಇಲ್ಲಿ ತಗಡೇ ಇಲ್ಲ. ಬರೀ ಪುಟ್ಟಿ. ಮೇಲೆ ಪೇಂಟು ಹೊಡ್ದು ಕೊಟ್ಟವ್ರೆ.”

“ಎಷ್ಟಾಗತ್ತೆ ಮೇಸ್ತ್ರಿ?”

“ಬಿಚ್ಚೋವರ್ಗೂ ಹೇಳಕ್ಕಾಗಲ್ಲ. ಬಿಚ್ಚದೇನೇ ರೇಟ್ ಹೇಳೋರ ಹತ್ರ ಕೊಡ್ಬೇಡಿ.”

ಮಾಲೀಕರು ಒಪ್ಪಿದರು. ಒಳಗಿನ ರೆಕ್ಸಿನ್ ಕಿತ್ತಾಗ ಹಿಂದಿದ್ದ ಪ್ಲೈವುಡ್ ಪದರ ಪದರವಾಗಿ ಕಳಚಿ ಬಂತು. ಕಬ್ಬಿಣದ ಕಂಬದ ಬುಡ ಅರ್ಧ ಅಡಿಯಷ್ಟು ಉದುರಿಹೋಗಿತ್ತು. ಕಂಬದ ಮೇಲ್ಭಾಗ ಮಾತ್ರ ಹೊಸದರಂತೆ ಗಟ್ಟಿಯಾಗಿತ್ತು. ಮೇಸ್ತ್ರಿ ಇಡೀ ಕಂಬ ಬದಲಿಸಲಿಲ್ಲ. ಕೆಟ್ಟ ತುಂಡನ್ನಷ್ಟೇ ಓರೆಯಾಗಿ ಕತ್ತರಿಸಿ, ಹೊಸ ತುಂಡನ್ನು ಅದೇ ಓರೆಗೆ ಕೂಡಿಸಿದರು. ನೇರ ಕತ್ತರಿಗಿಂತ ಓರೆ ಕತ್ತರಿಯಲ್ಲಿ ವೆಲ್ಡಿಂಗಿಗೆ ಉದ್ದ ಹೆಚ್ಚು ಸಿಗುತ್ತದೆ, ಕುಲುಕಾಟದ ಭಾರವೆಲ್ಲ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ವೆಲ್ಡಿಂಗ್ ಮುಗಿದ ಮೇಲೆ ಕಂಬದ ತಳದಲ್ಲಿ ಒಂದು ಸಣ್ಣ ತೂತು ಕೊರೆದರು. ಒಳಗೆ ನೀರು ಹೋದರೆ ಹೊರಗೆ ಬರಲಿ ಎಂದು. ಯಾವ ಪುಸ್ತಕವನ್ನೂ ಓದದೆ ಇದೆಲ್ಲ ಅವರ ಕೈಗೆ ಗೊತ್ತಿತ್ತು. ಇಂಥ ಕೈಗಳು ನಮ್ಮ ಬಡಾವಣೆಗಳ ನಿಜವಾದ ಆಸ್ತಿ ಎಂದು ನನಗೆ ಅನ್ನಿಸುತ್ತದೆ.

ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುವ ಜಾಗವೂ ಬೆಂಗಳೂರಿನ ಪಶ್ಚಿಮ ಭಾಗದಲ್ಲೇ ಇದೆ. ಕೆಎಸ್‌ಆರ್‌ಟಿಸಿ ಕೆಲವು ವರ್ಷಗಳಿಂದ ಲಕ್ಷಾಂತರ ಕಿಲೋಮೀಟರ್ ಓಡಿದ ಹಳೆಯ ಬಸ್ಸುಗಳನ್ನು ಗುಜರಿಗೆ ಹಾಕುವ ಬದಲು ಕೆಂಗೇರಿ ಮತ್ತು ಹಾಸನದ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ತನ್ನದೇ ನೌಕರರ ಕೈಯಲ್ಲಿ ಪುನಶ್ಚೇತನಗೊಳಿಸುತ್ತಿದೆ. ಹಾಗೆ ಮರುಹುಟ್ಟು ಪಡೆದ ಬಸ್ಸುಗಳು ಸಾವಿರ ದಾಟಿವೆ. ತುಕ್ಕು ಹಿಡಿದ ಚೌಕಟ್ಟು, ತಗಡು, ನೆಲ, ಸೀಟು ಎಲ್ಲ ಹೊಸದಾಗುತ್ತವೆ. ಖರ್ಚು ಹೊಸ ಬಸ್ಸಿನ ಬೆಲೆಯ ಸಣ್ಣದೊಂದು ಪಾಲು ಮಾತ್ರ. ಇದೇ ನಿಗಮ 2020ರ ಆಗಸ್ಟ್‌ನಲ್ಲಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿಸಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಮರುವರ್ಷ ಕೊರೊನಾ ಎರಡನೇ ಅಲೆಯಲ್ಲಿ ಒಂದು ಬಸ್ಸು ಐಸಿಯು ಆಯಿತು. ನೀರಿನ ಟ್ಯಾಂಕು, ವೈರಿಂಗು, ಗಾಳಿಯ ದಾರಿ, ತೊಳೆಯುವ ನೆಲ: ಒಂದು ಕ್ಯಾರವಾನಿಗೆ ಬೇಕಾದ ಜ್ಞಾನವೆಲ್ಲ ಆ ಬಸ್ಸುಗಳಲ್ಲಿ ಕೂತಿದೆ. ಚಲಿಸುವ ಮನೆ ಕಟ್ಟಲು ವಿದೇಶದ ವಿಡಿಯೊಗಳನ್ನು ನೋಡುವ ಯುವಕರು ಕೆಂಗೇರಿಯ ಈ ಕೆಲಸದತ್ತಲೂ ಒಮ್ಮೆ ತಿರುಗಿ ನೋಡಬೇಕು.

ಈಗ ಸಾಮಾನಿನ ವಿಷಯ. ನೆಲಕ್ಕೆ ಪ್ಲೈವುಡ್ ತರುವಾಗ ಅಗ್ಗದ್ದಕ್ಕೆ ಆಸೆಪಡಬೇಡಿ. ಅಂಗಡಿಯವರು ‘ಸೆವೆನ್ ಟೆನ್’ ಎನ್ನುವುದು ಐಎಸ್ 710 ದರ್ಜೆಯ ಮರೈನ್ ಪ್ಲೈವುಡ್ಡಿಗೆ. ಮುದ್ರೆ ನೋಡಿ ಕೊಳ್ಳಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಸುತ್ತ ಮರದ ವ್ಯಾಪಾರ ಬಹಳ ಕಾಲದ್ದು, ಚೌಕಟ್ಟಿಗೆ ಬೇಕಾದ ಅಳತೆಗೆ ಕೊಯ್ಸಿಕೊಳ್ಳುವುದಕ್ಕೂ ಅಲ್ಲಿ ತೊಂದರೆಯಿಲ್ಲ. ಹಲಗೆ ತಂದ ಮೇಲೆ ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಅಥವಾ ಪ್ರೈಮರ್ ಬಳಿಯುವುದನ್ನು ಮರೆಯಬಾರದು. ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ.

ಸಂದು ಮುಚ್ಚಲು ಎಲ್ಲರೂ ಮೊದಲು ಕೈಹಾಕುವುದು ಸಿಲಿಕಾನ್ ಗನ್ನಿಗೆ. ಬಚ್ಚಲುಮನೆಗೆ ಸರಿ, ಗಾಡಿಯ ಮೈಗೆ ಬೇಡ. ಸಿಲಿಕಾನಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಒಮ್ಮೆ ಹಚ್ಚಿದ ಜಾಗದಲ್ಲಿ ಮುಂದೆ ಬೇರೆ ಯಾವ ಸೀಲೆಂಟೂ ಸರಿಯಾಗಿ ಹಿಡಿಯುವುದಿಲ್ಲ. ಬೀಡಿಂಗ್ ಪಟ್ಟಿಗಳ ಅಡಿಗೆ ಬ್ಯೂಟೈಲ್ ಟೇಪು, ತೆರೆದ ಸಂದುಗಳಿಗೆ ಪಾಲಿಯುರೆಥೇನ್ ಸೀಲೆಂಟು ಒಳ್ಳೆಯದು. ಅಲ್ಯೂಮಿನಿಯಂ ತಗಡಿಗೆ ಕಬ್ಬಿಣದ ಬೋಲ್ಟು ನೇರವಾಗಿ ತಾಗುವಂತೆ ಬಿಗಿಯಬೇಡಿ. ಎರಡು ಬೇರೆ ಲೋಹ, ನಡುವೆ ಸ್ವಲ್ಪ ತೇವ ಇದ್ದರೆ ಸಣ್ಣ ವಿದ್ಯುತ್ ಹರಿದು ಅಲ್ಯೂಮಿನಿಯಂ ಸವೆಯುತ್ತದೆ, ಬೋಲ್ಟಿನ ಸುತ್ತ ಬಿಳಿ ಪುಡಿ ಕಾಣಿಸುತ್ತದೆ. ನಡುವೆ ರಬ್ಬರ್ ವಾಷರ್ ಅಥವಾ ದಪ್ಪ ಟೇಪು ಹಾಕಿದರೆ ಈ ತೊಂದರೆಯಿಲ್ಲ.

ಬಿಚ್ಚುವಾಗ ಒಂದು ಶಿಸ್ತು ಬೇಕು. ಹಳೆಯ ಟ್ರೈಲರ್‌ಗಳಲ್ಲಿ ತಗಡೂ ಭಾರ ಹೊರುತ್ತದೆ. ಎಲ್ಲವನ್ನೂ ಒಮ್ಮೆಗೆ ಕಿತ್ತರೆ ಚೌಕಟ್ಟು ವಾಲಿಕೊಂಡು ಹೋಗಿ ಮತ್ತೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಒಳಗೆ ಅಡ್ಡಪಟ್ಟಿ, ಮೂಲೆಪಟ್ಟಿ ಹೊಡೆದು ಬಿಗಿ ಮಾಡಿ ಒಂದೊಂದು ಪಕ್ಕ ಬಿಚ್ಚಬೇಕು. ಕಿತ್ತ ತುಂಡು ಎಷ್ಟೇ ಕೊಳೆತಿರಲಿ, ಹೊಸದು ಕೂರುವ ತನಕ ಎಸೆಯಬಾರದು. ಅಳತೆ ಇರುವುದು ಅದರಲ್ಲೇ.

ಚಾಸಿ ಮತ್ತು ಆಕ್ಸಲ್ ಬಗ್ಗೆ ಮೈಸೂರು ರಸ್ತೆಯ ಲಾರಿ ಮೆಕ್ಯಾನಿಕ್‌ಗಳಿಗೆ ನಾನು ಹೇಳಿಕೊಡಬೇಕಾದದ್ದು ಏನೂ ಇಲ್ಲ. ಬೇರಿಂಗ್ ಬಿಚ್ಚಿಸಿ ಹೊಸ ಗ್ರೀಸ್ ತುಂಬಿಸಿ. ಟೈರಿನ ಪಟ್ಟಿ ಸವೆದಿಲ್ಲವೆಂದು ಖುಷಿಪಡುವ ಮೊದಲು ಪಕ್ಕದಲ್ಲಿರುವ ನಾಲ್ಕಂಕಿಯ ಗುರುತು ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ನಿಂತ ಗಾಡಿಯ ಟೈರು ಓಡದೆಯೂ ಮುದಿಯಾಗುತ್ತದೆ.

ಎಳೆಯುವ ಟ್ರೈಲರ್ ಆದರೆ ತೂಕದ ಹಂಚಿಕೆ ಜೀವದ ಪ್ರಶ್ನೆ. ಅಮೆರಿಕದ ರೂಢಿಯಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು. ಸಾವಿರ ಕಿಲೋ ಟ್ರೈಲರಿಗೆ ನೂರರಿಂದ ನೂರೈವತ್ತು ಕಿಲೋ. ಹಿಂಭಾಗ ಭಾರವಾದರೆ ಕೊಂಡಿ ಮೇಲಕ್ಕೆ ಎಳೆಯುತ್ತದೆ, ವೇಗ ಹೆಚ್ಚಿದಂತೆ ಟ್ರೈಲರ್ ಬಾಲ ಆಡಿಸಲು ಶುರುಮಾಡಿ ಕೊನೆಗೆ ಕಾರನ್ನೇ ತಿರುಗಿಸಿಬಿಡುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. ನೂರು ಲೀಟರಿನ ಟ್ಯಾಂಕನ್ನು ಜಾಗ ಸಿಕ್ಕಿತೆಂದು ಹಿಂದಿನ ಮಂಚದ ಅಡಿಗೆ ತಳ್ಳಬಾರದು. ಆಕ್ಸಲ್ ಮೇಲೆಯೇ ಕೂರಿಸಬೇಕು.

ವೈರಿಂಗಿನಲ್ಲಿ ಮನೆಯ ಎಲೆಕ್ಟ್ರಿಷಿಯನ್ ಎಡವುವ ಜಾಗ ಒಂದಿದೆ. ಮನೆಯಲ್ಲಿ 230 ವೋಲ್ಟು, ಗಾಡಿಯಲ್ಲಿ 12. ಅರವತ್ತು ವಾಟಿನ ಒಂದು ಉಪಕರಣ ಮನೆಯಲ್ಲಿ ಕಾಲು ಆಂಪಿಯರ್ ಎಳೆದರೆ ಗಾಡಿಯಲ್ಲಿ ಐದು ಆಂಪಿಯರ್ ಎಳೆಯುತ್ತದೆ. ಮನೆಯ ಅಂದಾಜಿನಲ್ಲಿ ತೆಳು ವೈರು ಎಳೆದರೆ ಅದು ಬಿಸಿಯಾಗುತ್ತದೆ, ತುದಿಯ ದೀಪ ಮಂಕಾಗುತ್ತದೆ. ದಪ್ಪ ವೈರು, ಪ್ರತಿ ದಾರಿಗೂ ಬ್ಯಾಟರಿಯ ಹತ್ತಿರವೇ ಫ್ಯೂಸ್. ನೂರು ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1200 ವಾಟ್-ಅವರ್ ಇದ್ದರೂ, ಲೆಡ್ ಆಸಿಡ್ ಬ್ಯಾಟರಿ ಬಾಳಬೇಕೆಂದರೆ ಅರ್ಧದಷ್ಟನ್ನೇ ಬಳಸಬೇಕು. ಇಪ್ಪತ್ತು ವಾಟಿನ ಎರಡು ಫ್ಯಾನು ರಾತ್ರಿ ಎಂಟು ಗಂಟೆ ಓಡಿದರೆ 320 ಹೋಯಿತು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಂಡೇ ಬ್ಯಾಟರಿ ಅಂಗಡಿಗೆ ಹೋಗಿ.

ಗ್ಯಾಸ್ ಬಗ್ಗೆ ಒಂದೇ ಮಾತು: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರಿನ ಗೂಡಿಗೆ ತಳದಲ್ಲಿ ಹೊರಕ್ಕೆ ತೆರೆಯುವ ಕಿಂಡಿ ಇರಲೇಬೇಕು, ಮಲಗುವ ಕಡೆಯಿಂದ ಅದು ಪೂರ್ತಿ ಬೇರೆಯಾಗಿರಬೇಕು. ಇಷ್ಟಾದ ಮೇಲೆ ಪರದೆ, ಕುಶನ್, ಬಣ್ಣ ನಿಮ್ಮ ನಿಮ್ಮ ಇಷ್ಟ.

ಕಾನೂನನ್ನು ಜನ ಕೊನೆಗೆ ನೆನೆಯುತ್ತಾರೆ, ನೆನೆಯಬೇಕಾದದ್ದು ಗಾಡಿ ಕೊಳ್ಳುವ ಮೊದಲು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಕೊಳೆತ ನೆಲ ತೆಗೆದು ಅದೇ ಅಳತೆಯ ನೆಲ ಹಾಕುವುದು ರಿಪೇರಿ. ಟಾಪು ಎತ್ತರಿಸುವುದು, ಚಾಸಿ ಉದ್ದ ಮಾಡುವುದು, ಸೀಟುಗಳ ಸಂಖ್ಯೆ ಬದಲಿಸುವುದು ಬೇರೆಯೇ ವಿಷಯ. ಸೀಟು ಕಿತ್ತು ಹಾಸಿಗೆ ಹಾಕಿದ ಗಾಡಿಗಳೂ ಈ ಸಾಲಿಗೇ ಸೇರುತ್ತವೆ. ಕ್ಯಾರವಾನ್ ಎಂಬ ವರ್ಗ ನಮ್ಮ ನೋಂದಣಿಯಲ್ಲಿ ಇಲ್ಲವೆಂದೇನಲ್ಲ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಮತ್ತು ಟ್ರೈಲರ್‌ಗಳು 2004ರ ಕೇಂದ್ರ ಅಧಿಸೂಚನೆಯ ಪಟ್ಟಿಯಲ್ಲೇ ಇವೆ, ಮೋಟಾರು ಕ್ಯಾರವಾನಿನ ಸುರಕ್ಷತೆಗೆ ಎಐಎಸ್ 124 ಎಂಬ ಮಾನದಂಡವೂ ಇದೆ. ಆ ದಾರಿಯಲ್ಲಿ ಹೋಗುವವರು ಕಟರ್ ಹಿಡಿಯುವ ಮೊದಲೇ ರಾಜಾಜಿನಗರದ ಕೆಎ-02 ಆರ್‌ಟಿಒ ಕಚೇರಿಗೋ ಜ್ಞಾನಭಾರತಿಯ ಕೆಎ-41 ಕಚೇರಿಗೋ ಹೋಗಿ ಲಿಖಿತವಾಗಿ ಕೇಳಿಕೊಳ್ಳುವುದು ಕ್ಷೇಮ. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿಯೂ ಉಂಟು, ಫಲಕದಲ್ಲಿ ‘ವಿಎ’ ಅಕ್ಷರ ಬರುತ್ತದೆ. ಆದರೆ ಅದು ಸಿಗುವುದು ಮೂಲರೂಪ ಉಳಿಸಿಕೊಂಡ ಗಾಡಿಗೆ, ಅದರಲ್ಲಿ ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅವಕಾಶವಿಲ್ಲ. ಹಳೆಯ ಗಾಡಿಯನ್ನು ಮನಬಂದಂತೆ ಕತ್ತರಿಸದೆ ಮೊದಲಿದ್ದಂತೆಯೇ ನಿಲ್ಲಿಸಬೇಕು ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಮಾಡಿಕೊಡುವವರ ಮಾತು ಉಳಿದಿದೆ. ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ನಾಯಂಡಹಳ್ಳಿ ಕಡೆಯ ಟಿಂಕರಿಂಗ್ ಶೆಡ್ಡುಗಳಿಗೆ ಬಾಡಿಗೆ ಕಟ್ಟುವುದು ವರ್ಷ ವರ್ಷಕ್ಕೆ ಕಷ್ಟವಾಗುತ್ತಿದೆ. ಹೊಸ ಕಾರುಗಳಲ್ಲಿ ಪೆಟ್ಟಾದ ಭಾಗವನ್ನು ಕಿತ್ತು ಹೊಸದು ಹಾಕುತ್ತಾರೆ, ತಗಡಿನ ಹಿಂದೆ ಡಾಲಿ ಎಂಬ ಕಬ್ಬಿಣದ ಗಟ್ಟಿಯಿಟ್ಟು ಸುತ್ತಿಗೆಯಲ್ಲಿ ಬಡಿದು ಸರಿಮಾಡುವ ಕೆಲಸ ಕಡಿಮೆಯಾಗಿದೆ. ಹುಡುಗರು ಕಲಿಯಲು ಬರುತ್ತಿಲ್ಲ, ಬಂದವರೂ ಬೇಗ ಡೆಲಿವರಿ ಕೆಲಸಕ್ಕೆ ಹೊರಡುತ್ತಾರೆ. ಹಳೆಯ ಗಾಡಿಗಳ ಮೇಲೆ ಪ್ರೀತಿ ಇರುವವರು ಈ ಕೆಲಸವನ್ನು ಗುತ್ತಿಗೆಗೆ ಕೊಡದೆ ದಿನಗೂಲಿ ಲೆಕ್ಕದಲ್ಲಿ ಮಾಡಿಸಬೇಕು. ಗುತ್ತಿಗೆಯಲ್ಲಿ ಬೇಗ ಮುಗಿಸುವ ಒತ್ತಡಕ್ಕೆ ಪುಟ್ಟಿ ಹೆಚ್ಚಾಗುತ್ತದೆ, ದಿನಗೂಲಿಯಲ್ಲಿ ಮೇಸ್ತ್ರಿಗೆ ಓರೆ ಕತ್ತರಿ ಹಾಕುವಷ್ಟು ಸಮಯ ಸಿಗುತ್ತದೆ. ಅವರ ಜೊತೆಗೊಬ್ಬ ಸಹಾಯಕನ ಕೂಲಿಯನ್ನೂ ಸೇರಿಸಿ ಕೊಡಿ, ಆ ಸಹಾಯಕ ಐಟಿಐ ಮುಗಿಸಿದ ಹುಡುಗನೋ ಹುಡುಗಿಯೋ ಆಗಿರಲಿ. ಕೆಂಗೇರಿಯ ಕಾರ್ಯಾಗಾರದಲ್ಲಿ ನಿವೃತ್ತರಾಗುತ್ತಿರುವ ಬಾಡಿ ಕೆಲಸಗಾರರನ್ನು ಸರ್ಕಾರ ನಮ್ಮ ಐಟಿಐಗಳಿಗೆ ವಾರಕ್ಕೆ ಎರಡು ದಿನ ಕರೆಸಿ ಪಾಠ ಹೇಳಿಸುವುದಾದರೆ ದೊಡ್ಡ ಖರ್ಚೇನೂ ಇಲ್ಲ. ಸುತ್ತಿಗೆ ಮತ್ತು ಡಾಲಿ ಸಾಕು, ಜೊತೆಗೆ ಕಲಿಯಲು ಗುಜರಿಯಿಂದ ತಂದ ನಾಲ್ಕು ಹಳೆಯ ಬಾಗಿಲುಗಳು.